ಇಳಿಯದ ಕೈ

ಮೊರಬ
12 ಆಗಸ್ಟ್ 2024

ಜಹೀರುದ್ದೀನ ಭಾಯಿ ಅವರಿಗೆ,

ಪತ್ರವನ್ನು ‘ನಾವೆಲ್ಲ ಇಲ್ಲಿ ಕ್ಷೇಮ’ ಎಂದು ಶುರು ಮಾಡಬೇಕೆಂದು ಶಾಲೆಯಲ್ಲಿ ಕಲಿಸಿದ್ದರು. ನಾವು ಕ್ಷೇಮವಾಗಿಲ್ಲ. ಅದಕ್ಕೇ ಬರೆಯುವುದಿಲ್ಲ.

ನಾನು ಪ್ರಭು, ಹಡಗಿನಲ್ಲಿ ನಿಮ್ಮ ಜೊತೆಗಿದ್ದ ಹೇಮಂತನ ತಮ್ಮ. ಹತ್ತನೆಯ ಇಯತ್ತೆಗೆ ಶಾಲೆ ಬಿಟ್ಟವನು, ಎಲ್ಲೂ ನಿಲ್ಲದವನು ಎಂದು ಅಣ್ಣ ಹೇಳಿರಬಹುದು. ಹೋದ ಸೋಮವಾರ ಅಣ್ಣಿಗೇರಿಗೆ ಬಂದು ನಿಮ್ಮ ಬಾಗಿಲು ಬಡಿದವನು ನಾನೇ. ನಿಮ್ಮ ತಾಯಿ ರೇಷ್ಮಾಬಿಯವರು ಬಾಗಿಲನ್ನು ಅರ್ಧ ತೆರೆದು, “ಅಂವಗ ಏನೂ ಕೇಳ್ಸೂದಿಲ್ಲಪಾ. ಆ ಸಪ್ಪಳದಾಗ ಎರಡೂ ಕಿವಿ ಹ್ವಾದವು. ಯಾರ ಮಾರೀನೂ ನೋಡೂದಿಲ್ಲಂತಾನ,” ಎಂದರು. ಮೊಬೈಲ್ ನಂಬರ್ ಕೇಳಿದೆ. “ಅದನ್ನ ಬಾವ್ಯಾಗ ಒಗದಾನ,” ಎಂದರು. ಮತ್ತೆ ಹೇಗೆ ಕೇಳಲಿ ಎಂದರೆ, “ಬರದ ಹಾಕು. ಓದಿದ್ರ ಓದ್ಯಾನು,” ಎಂದು ಹೇಳಿ, ಹೊಸ್ತಿಲ ಹೊರಗೇ ಚಹಾ ಕೊಟ್ಟರು. ಒಳಗೆ ಯಾರೋ ಪಾತ್ರೆ ಸರಿಸಿದ ಸಪ್ಪಳ ಕೇಳಿಸಿತು. ಅದು ನೀವೇ. ನಿಮ್ಮ ಸಪ್ಪಳ ನಿಮಗೇ ಗೊತ್ತಾಗುವುದಿಲ್ಲ, ಅಷ್ಟೆ.

ಹಡಗು ಮುಳುಗಿ ಎರಡು ತಿಂಗಳಾಯಿತು. ಯಾರನ್ನು ಕೇಳಬೇಕೆಂಬುದೇ ನಮಗೆ ತಿಳಿಯುತ್ತಿಲ್ಲ. ‘ಮಾರಿಗೋಲ್ಡ್ ಸ್ಟಾರ್’ ಮೇಲಿದ್ದ ಬಾವುಟ ಒಂದು ದೇಶದ್ದಂತೆ, ಮಾಲೀಕ ಇನ್ನೊಂದು ದೇಶದವನಂತೆ, ಕ್ಯಾಪ್ಟನ್ ಮತ್ತೊಂದು ದೇಶದವನಂತೆ. ನಿಮ್ಮಿಬ್ಬರನ್ನು ಕಳಿಸಿದ ಏಜೆಂಟ್ ಮುಂಬಯಿಯವನು. ಕೆಂಪು ಸಮುದ್ರದಲ್ಲಿ ಯುದ್ಧ ಮಾಡುತ್ತಿರುವವರು ಇವರ್ಯಾರೂ ಅಲ್ಲ. “ಯಾರ ಜಗಳದಾಗ ಹ್ವಾದ ನನ್ನ ಮಗಾ?” ಎಂದು ಅಪ್ಪ ಕೇಳುತ್ತಾನೆ. ನನಗೆ ಗೊತ್ತಿಲ್ಲ ಎಂದೆ. ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನಲು ನನಗೆ ಬರುವುದಿಲ್ಲ.

ಏಜೆಂಟ್ ಹೇಳುವುದು ಒಂದೇ ಮಾತು: ಕಾಣೆ. ಸತ್ತಿದ್ದಾನೆ ಎಂದೂ ಅಲ್ಲ, ಇದ್ದಾನೆ ಎಂದೂ ಅಲ್ಲ. ಅಳಲು ಬಂದ ಓಣಿಯ ಹೆಂಗಸರನ್ನು ಅವ್ವ, “ಅಳೂ ಸುದ್ದಿ ಇನ್ನೂ ಬಂದಿಲ್ಲ, ಎದ್ದ ಹೋಗ್ರಿ,” ಎಂದು ಕಳಿಸಿದಳು. ಮರುದಿನ ಕೆಲವರು ನಗುನಗುತ್ತ ಧೈರ್ಯ ಹೇಳಲು ಬಂದರು. “ನಗೂ ಸುದ್ದೀನೂ ಬಂದಿಲ್ಲ,” ಎಂದು ಅವರನ್ನೂ ಕಳಿಸಿದಳು.

‘ಕಾಣೆ’ ಎಂದು ಯಾಕೆ ಹೇಳುತ್ತೀರಿ ಎಂದು ಏಜೆಂಟನನ್ನು ಬಿಡದೆ ಕೇಳಿದೆ. ಬದುಕಿ ಬಂದವರಲ್ಲಿ ಒಬ್ಬ, ತಾವೆಲ್ಲ ಹಡಗು ಬಿಟ್ಟಿಳಿದ ಮೇಲೂ ಹೇಮಂತ ಅದರ ಮೇಲೆ ನಿಂತಿದ್ದನ್ನು ಕಂಡಿದ್ದಾನಂತೆ. ಆ ಒಬ್ಬ ನೀವು.

ನೀವು ಕಂಡದ್ದು ಏನು? ಅಷ್ಟನ್ನು ಬರೆಯಿರಿ. ಸಮಾಧಾನ ಬೇಡ.

ನಿಮ್ಮ
ಪ್ರಭು ಈರಬಸಪ್ಪ

*

ಮೊರಬ
4 ಸೆಪ್ಟೆಂಬರ್ 2024

ಜಹೀರಭಾಯಿ,

ಮೊರಬದಿಂದ ಅಣ್ಣಿಗೇರಿಗೆ ಬಸ್ಸಿನಲ್ಲಿ ಹೋದರೆ ಹೊತ್ತೇ ಆಗುವುದಿಲ್ಲ. ಪತ್ರಕ್ಕೆ ಮೂರು ದಿನ ಹಿಡಿದಿರಲಿ ಎಂದುಕೊಂಡೆ, ವಾರ ಹಿಡಿದಿರಲಿ ಎಂದುಕೊಂಡೆ. ಇನ್ನು ಅಂಚೆಯವರ ಮೇಲೆ ಹಾಕಲಾರೆ. ನೀವು ಬರೆದಿಲ್ಲ. ನನಗೆ ಸಿಟ್ಟು ಬಂದಿದೆ.

ಸೊಸೈಟಿಯ ಮುಂದೆ ಗೊಬ್ಬರಕ್ಕೆ ಸರದಿ ನಿಂತಿದ್ದೆ. ಗೊಬ್ಬರ ಇನ್ನೂ ಬಂದಿರಲಿಲ್ಲ. ನಿಮ್ಮ ಹಡಗಿನ ತುಂಬ ಗೊಬ್ಬರವಿತ್ತು ಎಂದು ಊರಿಗೆಲ್ಲ ಗೊತ್ತು. ಕರಿಸಿದ್ದಪ್ಪ ಹಿಂದಿನಿಂದ, “ಏನಲೇ ಪ್ರಭ್ಯಾ, ನಿಮ್ಮಣ್ಣ ತರೂ ಗೊಬ್ಬರ ಎಲ್ಲೀತನಕ ಬಂತು?” ಎಂದ. ನಾಲ್ಕು ಜನ ನಕ್ಕರು. ನಗುತ್ತಿರುವಾಗಲೇ ಅವನ ಮುಖ ಸಣ್ಣದಾಯಿತು. ನಾನು ಅವನ ಅಂಗಿ ಹಿಡಿದಿದ್ದೆ, ಬಿಟ್ಟುಬಿಟ್ಟೆ. ಯಾಕೆ ಹಿಡಿದೆ, ಯಾಕೆ ಬಿಟ್ಟೆ, ಎರಡೂ ತಿಳಿಯಲಿಲ್ಲ. ಸರದಿಯಲ್ಲಿ ನನ್ನ ಜಾಗ ಹೋಯಿತು.

ಈಗ ದೊಡ್ಡ ಸುದ್ದಿ. ಅಪ್ಪ ಕಾರವಾರಕ್ಕೆ ಹೋಗಿದ್ದಾನೆ.

ನಮ್ಮ ಕಡೆಯವರಿಗೆ ಗೊತ್ತಿರುವ ದೊಡ್ಡ ನೀರೆಂದರೆ ಬೆಣ್ಣಿಹಳ್ಳ. ಅದು ಬಂದಾಗ ಎತ್ತು, ಚಕ್ಕಡಿ, ಮನುಷ್ಯರನ್ನೂ ಒಯ್ಯುತ್ತದೆ. ಆದರೆ ಇಟ್ಟುಕೊಳ್ಳುವುದಿಲ್ಲ. ಮುಂದಿನ ಊರಿನ ತಿರುವಿನಲ್ಲಿ, ಜಾಲಿ ಕಂಟಿಗಳಲ್ಲಿ ಎಸೆದು ಹೋಗುತ್ತದೆ. ಅಪ್ಪ ಹೀಗೆ ಇಬ್ಬರನ್ನು ಹುಡುಕಿ ತಂದವನು. “ಹಳ್ಳಕ್ಕ ತಿರುವು ಇದ್ಹಂಗ ಸಮುದ್ರಕ್ಕೂ ಒಂದು ಇರಬೇಕಲ್ಲ,” ಎಂದು ನನ್ನ ಹಳೆಯ ಭೂಗೋಳದ ಪುಸ್ತಕ ತೆಗೆಸಿ, ನಮ್ಮ ಕಡೆಯ ದಂಡೆ ಯಾವುದು ಎಂದು ಕೇಳಿದ. ಕಾರವಾರ ತೋರಿಸಿದೆ. ತೋರಿಸಬಾರದಿತ್ತೋ ಏನೋ. ಅಲ್ಲಿಗೂ ಕೆಂಪು ಸಮುದ್ರಕ್ಕೂ ಎಷ್ಟು ದೂರ ಎಂದೂ ತೋರಿಸಿದೆ. ಅವನು ಅದನ್ನು ನೋಡಲಿಲ್ಲ.

“ಜೀವ ಇದ್ರ ದಾರಿ ಹಿಡದ ಬರ್ತಾನ. ಇರದಿದ್ರ ನೀರು ತರ್ತೈತಿ. ಯಾವುದಕ್ಕೂ ದಂಡಿ ಮ್ಯಾಲೆ ಮನಿ ಮಂದಿ ಒಬ್ಬರು ಇರಬೇಕು,” ಎಂದು ಒಂದು ಚೀಲದಲ್ಲಿ ಧೋತರ, ರೊಟ್ಟಿ ಕಟ್ಟಿಕೊಂಡು ಹೊರಟುಬಿಟ್ಟ.

ಹಿಂಗಾರಿ ಬಿತ್ತನೆ ಹತ್ತಿರ ಬಂದಿದೆ. ನಾನು ನವಲಗುಂದದ ಪೆಟ್ರೋಲ್ ಬಂಕಿನ ಕೆಲಸ ಬಿಟ್ಟು ಮನೆಯಲ್ಲಿದ್ದೇನೆ. ಸುಳ್ಳು ಹೇಳಿ ಅವನನ್ನು ಕರೆತರಬಹುದು. ಹೇಳುವುದಿಲ್ಲ. ನಿಜವೇನೆಂದು ಗೊತ್ತಾಗುವ ತನಕ ಅವನು ದಂಡೆ ಬಿಟ್ಟು ಏಳುವುದಿಲ್ಲ. ಆ ನಿಜ ನಿಮ್ಮ ಹತ್ತಿರ ಇದೆ.

ಪ್ರಭು

*

ಅಣ್ಣಿಗೇರಿ
14 ಸೆಪ್ಟೆಂಬರ್ 2024

ತಮ್ಮಾ ಪ್ರಭು,

ನಿನ್ನ ಎರಡು ಪತ್ರವೂ ಬಂದಿವೆ. ಮೊದಲನೆಯದನ್ನು ಓದಿ ಹಾಸಿಗೆಯ ಕೆಳಗೆ ಇಟ್ಟೆ. ಎರಡನೆಯದನ್ನು ಅಮ್ಮಿ ನನ್ನ ಮುಂದೆ ಒಡೆದು ಹಿಡಿದು, ನಾನು ಓದಿ ಮುಗಿಸುವ ತನಕ ಕದಲಲಿಲ್ಲ. ಆಮೇಲೆ ಪೆನ್ನು ತಂದಳು.

ಹಡಗಿನಲ್ಲಿ ನಾನು ಅಡುಗೆಮನೆಯಲ್ಲಿದ್ದೆ, ಹೇಮಂತ ಕೆಳಗೆ ಇಂಜಿನ್ ಕೋಣೆಯಲ್ಲಿ. ಪಾಳಿ ಮುಗಿಸಿ ಮೈಯೆಲ್ಲ ಎಣ್ಣೆಯಾಗಿ ಬಂದು, “ಜಹೀರ್ಯಾ, ಝುಣಕ ಮಾಡೋ, ಈ ಮಂದಿ ಉಣ್ಣೂದೂ ಒಂದು ಊಟಾ ಏನು?” ಎನ್ನುತ್ತಿದ್ದ. ಕಡಲೆಹಿಟ್ಟು ನಮ್ಮಿಬ್ಬರ ಸಾಮಾನಿನಲ್ಲಿ ಮಾತ್ರ ಇತ್ತು.

ಆ ಸಮುದ್ರಕ್ಕೆ ಬರುತ್ತಿದ್ದಂತೆ ದೀಪ ಆರಿಸಿದರು, ಎಲ್ಲರ ಮೊಬೈಲ್ ಬಂದ್ ಮಾಡಿಸಿದರು. ಹಡಗಿನ ಅಂಚಿಗೆ ಗೊಂಬೆ ನಿಲ್ಲಿಸಿ ಎಂದರು. ಸಣ್ಣ ದೋಣಿಯಲ್ಲಿ ಬರುವವರು ದೂರದಿಂದ ನೋಡಿ ಕಾವಲಿನವರಿದ್ದಾರೆ ಎಂದುಕೊಳ್ಳಲಿ ಎಂದು. ನಾವು ಕೆಲಸಕ್ಕೆ ತೊಡುವ ಕಿತ್ತಳೆ ಬಣ್ಣದ ಹಳೆಯ ಬಾಯ್ಲರ್ ಸೂಟಿನಲ್ಲಿ ಚಿಂದಿ ತುಂಬಿ, ಕೈಗೆ ಬಂದೂಕಿನ ಹಾಗೆ ಪೈಪು ಕಟ್ಟಿ ಎರಡನ್ನು ಬೇರೆಯವರು ಮುಂಭಾಗದಲ್ಲಿ ನಿಲ್ಲಿಸಿದರು. ಹೇಮಂತ ಬಿದ್ದು ಬಿದ್ದು ನಕ್ಕ. “ಇವು ಹೊಟ್ಟಿ ಬ್ಯಾನಿ ಹತ್ತಿದ ಮಂದಿ ಕಂಡಂಗ ಕಾಣ್ತಾವ. ಹಿಂದಿನ ತುದೀಗೆ ನಾ ಒಂದು ಮಾಡ್ತೀನಿ. ಹಕ್ಕಿ ಓಡಸಿದಾಂವಗ ಮನಶ್ಯಾರನ್ನ ಓಡಸೂದೇನು ದೊಡ್ಡದು,” ಎಂದ. ಆ ಸಂಜೆ ಮಾಡಿರಬೇಕು. ನಾನು ಅಡುಗೆಯಲ್ಲಿದ್ದೆ, ನೋಡಲಿಲ್ಲ.

ಮರುದಿನ ಮಧ್ಯಾಹ್ನ ಹೊಡೆತ ಬಿತ್ತು. ಬಿದ್ದದ್ದು ಇಂಜಿನ್ ಕೋಣೆಗೆ. ಅವನ ಪಾಳಿ ಇನ್ನೂ ಮುಗಿದಿರಲಿಲ್ಲ. ಮೊದಲ ಸಪ್ಪಳ ಕೇಳಿಸಿತು. ಆಮೇಲೆ ಈವತ್ತಿನವರೆಗೂ ಏನೂ ಕೇಳಿಸಿಲ್ಲ.

ನಮ್ಮನ್ನು ದೋಣಿಗೆ ತಳ್ಳಿದರು. ದೋಣಿ ದೂರ ಸರಿಯುವಾಗ ತಿರುಗಿ ನೋಡಿದೆ. ಹಡಗಿನ ಹಿಂದಿನ ತುದಿಯಲ್ಲಿ, ಹೊಗೆಯ ನಡುವೆ, ಕಿತ್ತಳೆ ಸೂಟು ಹಾಕಿ, ತಲೆಗೆ ಹಳದಿ ಟವೆಲ್ ಸುತ್ತಿಕೊಂಡು ಹೇಮಂತ ನಿಂತಿದ್ದ. ಆ ಟವೆಲ್ ಅವನದೇ. ಮೊದಲು ಅವನು ಮಾಡಿದ ಗೊಂಬೆಯೇ ಎಂದುಕೊಂಡೆ. ಆದರೆ ಅವನು ಕೈ ಎತ್ತಿದ್ದ. ಗೊಂಬೆ ಕೈ ಎತ್ತುತ್ತದೆಯೇ?

ನಾನು ಕೂಗಿದೆ. ನನ್ನ ಕೂಗು ನನಗೇ ಕೇಳಿಸಲಿಲ್ಲ. ದೋಣಿಯಲ್ಲಿದ್ದ ಯಾರೂ ತಿರುಗಲಿಲ್ಲ. ನಾನು ನಿಜವಾಗಿ ಕೂಗಿದೆನೋ, ಕೂಗಿದೆ ಎಂದುಕೊಂಡೆನೋ, ಈಗಲೂ ಗೊತ್ತಿಲ್ಲ. ಎರಡನೆಯ ಹೊಡೆತ ಬಿತ್ತು. ಹೊಗೆ ಮುಚ್ಚಿಕೊಂಡಿತು. ಹೊಗೆ ಸರಿದಾಗ ಹಡಗು ಅರ್ಧ ಇರಲಿಲ್ಲ.

ಅವನು ಕರೆದ. ನಾವು ಬಿಟ್ಟು ಬಂದೆವು. ಹೊಡೆದವರ ದೋಣಿ ಅವನನ್ನು ಎತ್ತಿಕೊಂಡು ಹೋಗಿರಬಹುದು, ಎಲ್ಲೋ ಕೂಡಿಹಾಕಿರಬಹುದು ಎಂದು ದಿನಾ ಬೇಡಿಕೊಳ್ಳುತ್ತೇನೆ. ನಿಮ್ಮ ತಂದೆಗೆ ಯಾವ ಮುಖ ತೋರಿಸಲಿ?

ಜಹೀರುದ್ದೀನ

*

ಕಾರವಾರ
20 ಸೆಪ್ಟೆಂಬರ್ 2024

ಚಿರಂಜೀವಿ ಪ್ರಭುಗೆ ಅಪ್ಪ ಮಾಡುವ ಆಶೀರ್ವಾದ.

ಕಾರ್ಡಿನಲ್ಲಿ ಜಾಗ ಕಡಿಮೆ. ಊಟ ಮಠದಲ್ಲಿ ಆಗುತ್ತದೆ. ಮಲಗುವುದು ಮೀನಿನವರ ಬಲೆ ಇಡುವ ಚಪ್ಪರದಲ್ಲಿ. ವಾಸನೆ ಮೂಗಿಗೆ ಒಗ್ಗಿದೆ, ಅವ್ವನಿಗೆ ಹೇಳಬೇಡ. ಇಲ್ಲಿಯ ನೀರಿನ ರೀತಿ ತಿಳಿಯದು. ದಿನಕ್ಕೆ ಎರಡು ಸಲ ಬರುತ್ತದೆ, ಎರಡು ಸಲ ಹೋಗುತ್ತದೆ. ಹಳ್ಳದ ಹಾಗೆ ಒಂದೇ ಕಡೆ ಹರಿದರೆ ಹುಡುಕಬಹುದಿತ್ತು. ಬರುವಾಗ ತೆಂಗಿನ ಗರಿ, ಚಪ್ಪಲಿ, ಬಾಟಲಿ ತರುತ್ತದೆ. ಚಪ್ಪಲಿಗಳನ್ನು ನೋಡುತ್ತೇನೆ. ಅವನ ಅಳತೆಯದು ಬಂದಿಲ್ಲ. ಬಿತ್ತನೆಗೆ ಮಡ್ಡಿ ಹೊಲ ಹರಗಿದ್ದೀಯೋ ಇಲ್ಲವೋ ತಿಳಿಸು.

ಈರಬಸಪ್ಪ

*

ಮೊರಬ
29 ಸೆಪ್ಟೆಂಬರ್ 2024

ಜಹೀರಭಾಯಿ,

ನಿಮ್ಮ ಪತ್ರವನ್ನು ಮನೆಯಲ್ಲಿ ಯಾರಿಗೂ ತೋರಿಸಿಲ್ಲ. ಮೊದಲು ಕೆಲವು ಪ್ರಶ್ನೆ ಕೇಳಬೇಕು.

ಎತ್ತಿದ್ದು ಯಾವ ಕೈ? ಮುಖ ನಿಮ್ಮ ಕಡೆಗಿತ್ತೋ, ಬೆನ್ನೋ? ಕೈ ನೇರವಾಗಿತ್ತೋ, ಮಡಚಿತ್ತೋ? ಬೀಸಿದನೋ, ಸುಮ್ಮನೆ ಎತ್ತಿ ಹಿಡಿದಿದ್ದನೋ? ಆ ಇನ್ನೊಂದು ಕೈ ಎಲ್ಲಿತ್ತು?

ಯಾಕೆ ಕೇಳುತ್ತೇನೆ ಎಂದು ಈಗ ಹೇಳುವುದಿಲ್ಲ. ಹೇಳಿದರೆ ನೀವು ನನಗೆ ಬೇಕಾದದ್ದನ್ನು ಬರೆಯುತ್ತೀರಿ. ಇಲ್ಲವೇ ನಿಮಗೆ ಬೇಕಾದದ್ದನ್ನು. ಕಂಡದ್ದನ್ನು ಮಾತ್ರ ಬರೆಯಿರಿ. ನೆನಪಿಲ್ಲದಿದ್ದರೆ ನೆನಪಿಲ್ಲ ಎನ್ನಿ.

ನನಗೆ ಯಾವ ಉತ್ತರ ಬರಬೇಕೆಂದು ನನಗೇ ಗೊತ್ತಿಲ್ಲ. ಇದು ನಿಜ.

ಪ್ರಭು

*

ಅಣ್ಣಿಗೇರಿ
9 ಅಕ್ಟೋಬರ್ 2024

ಪ್ರಭು,

ಎಡಗೈ. ಮುಖ ನಮ್ಮ ಕಡೆಗೇ ಇತ್ತು. ಮೊಣಕೈಯಲ್ಲಿ ಮಡಚಿ, ಮುಷ್ಟಿ ತಲೆಯ ಹಿಂದಕ್ಕೆ ಹೋಗಿತ್ತು, ಏನನ್ನೋ ಎಸೆಯಲು ನಿಂತವನ ಹಾಗೆ. ಬಲಗೈ ಮುಂದಕ್ಕೆ ಚಾಚಿತ್ತು. ಬೀಸಲಿಲ್ಲ. ಹೊಗೆ ಮುಚ್ಚುವ ತನಕ ನೋಡುತ್ತಲೇ ಇದ್ದೆ. ಒಮ್ಮೆಯೂ ಇಳಿಸಲಿಲ್ಲ.

ಕಣ್ಣು ಮುಚ್ಚಿದರೆ ಅದೇ ಕೈ ಕಾಣುತ್ತದೆ. ಯಾಕೆ ಕೇಳಿದೆ?

ಜಹೀರುದ್ದೀನ

*

ಮೊರಬ
5 ನವೆಂಬರ್ 2024

ಜಹೀರಭಾಯಿ,

ತಡವಾಯಿತು. ನಿಮ್ಮ ಉತ್ತರ ಬಂದ ಮರುದಿನವೇ ಕಾರವಾರಕ್ಕೆ ಹೋದೆ. ಈ ಮಾತು ಮೊದಲು ಅಪ್ಪನಿಗೆ ತಿಳಿಯಬೇಕಿತ್ತು, ಆಮೇಲೆ ನಿಮಗೆ.

ನಮ್ಮಪ್ಪ ಎಡಗೈಯವನು. ಜೋಳ ಹಾಲುಗಾಳಾದಾಗ ಹೊಲದಲ್ಲಿ ನಿಂತು ಕವಣೆ ಬೀಸಿ ಹಕ್ಕಿ ಓಡಿಸುತ್ತಾನೆ. ಹಕ್ಕಿಗಳಿಗೆ ತನ್ನ ಎಡಗೈಯ ಗುರುತಿದೆ ಎಂಬುದು ಅವನ ನಂಬಿಕೆ. ಅದಕ್ಕೇ ಬೆದರುಗೊಂಬೆ ಮಾಡುವಾಗ ಎಲ್ಲರಂತೆ ಎರಡೂ ಕೈ ಚಾಚುವುದಿಲ್ಲ. ಬಲಗೈ ಮುಂದೆ, ಎಡಗೈ ಮಡಚಿ ತಲೆಯ ಹಿಂದೆ, ಕಲ್ಲು ಬೀಸಲು ನಿಂತ ಹಾಗೆ ಕಟ್ಟುತ್ತಾನೆ. ಇಡೀ ಮೊರಬದಲ್ಲಿ ಇಂಥ ಗೊಂಬೆ ನಮ್ಮ ಹೊಲದಲ್ಲಿ ಮಾತ್ರ. “ಈರಬಸಪ್ಪನ ಗೊಂಬಿ ಬಸ್ಸಿಗೆ ಕೈ ಮಾಡ್ತೈತಿ,” ಎಂದು ಊರವರು ಚೇಷ್ಟೆ ಮಾಡುತ್ತಾರೆ. ಹೊಸ ಡ್ರೈವರೊಬ್ಬ ಒಮ್ಮೆ ಮಬ್ಬಿನಲ್ಲಿ ನಿಜವಾಗಿಯೂ ಬಸ್ ನಿಲ್ಲಿಸಿದ್ದ. ಆ ಕೈಯನ್ನು ಕಟ್ಟುವ ಗಂಟು ಅಣ್ಣ ಕಲಿತಿದ್ದ. ನಾನು ಕಲಿಯಲಿಲ್ಲ.

ಅಪ್ಪ ದಂಡೆಯಲ್ಲಿ, ಎಳೆದಿಟ್ಟ ದೋಣಿಯ ನೆರಳಿನಲ್ಲಿ ಕುಳಿತಿದ್ದ. ಗಡ್ಡ ಬೆಳೆದಿತ್ತು. ನಿಮ್ಮ ಮೊದಲ ಪತ್ರವನ್ನು ಓದಿ ಹೇಳಿದೆ. ‘ಆದರೆ ಅವನು ಕೈ ಎತ್ತಿದ್ದ’ ಎಂಬಲ್ಲಿಗೆ ಬರುತ್ತಲೇ ತಡೆದ.

“ಯಾವ ಕೈ?”

“ಎಡಗೈ ಅಂತ.”

“ಬೀಸಿದ್ನಂತೇನು?”

“ಇಲ್ಲಪಾ. ಮಡಚಿ ಹಿಡದಿದ್ನಂತ. ಇಳಸ್ಲೇ ಇಲ್ಲಂತ.”

ಅಪ್ಪ ನೀರನ್ನು ನೋಡುತ್ತ ಕುಳಿತ. ನೀರು ಹೋಗುವ ಹೊತ್ತು ಅದು.

“ಮನಶ್ಯಾನ ಕೈ ಆಗಿದ್ರ ಸೋಲ್ತಿತ್ತು,” ಎಂದ.

ನಾನು ಪತ್ರ ಮಡಚಿ ಜೇಬಿಗೆ ಹಾಕಿದೆ.

“ಹಡಗ ಒಡದ್ರೂ ಕೈ ಇಳದಿಲ್ಲ. ಗಂಟು ಗಟ್ಟಿ ಹಾಕ್ಯಾನ,” ಎಂದ. ಅದನ್ನು ಹೇಳುವಾಗ ಅವನ ಮುಖದಲ್ಲಿದ್ದದ್ದು ಹೆಮ್ಮೆಯೋ ದುಃಖವೋ ನನಗೆ ತಿಳಿಯಲಿಲ್ಲ. ಊಹಿಸಿ ಬರೆಯುವುದಿಲ್ಲ.

ಆಮೇಲೆ ಎದ್ದು ಧೋತರದ ಉಸುಕು ಕೊಡವಿದ. “ಬಿಳಿಜ್ವಾಳ ಬಿತ್ಯಾರೇನು?”

“ಬಿತ್ತೈತಿ.”

“ಯಾರು ಬಿತ್ತಿದ್ರು?”

“ನಾನ.”

ನನ್ನನ್ನು ಒಮ್ಮೆ ನೋಡಿದ. “ನಡಿ, ಹೋಗೂಣು.”

ಬಸ್ಸು ಘಟ್ಟ ಹತ್ತಿ, ಯಲ್ಲಾಪುರ ದಾಟಿ, ಕಲಘಟಗಿ ಹತ್ತಿರ ಬಂದಾಗ ಅಪ್ಪ ಕಿಟಕಿಯ ಕಡೆ ಮುಖ ಮಾಡಿಯೇ ಹೇಳಿದ: “ಆ ಹುಡುಗಗ ಬರಿ. ಅಂವ ಬಿಟ್ಟ ಬಂದಿದ್ದು ನನ್ನ ಮಗನ್ನಲ್ಲ. ನಮ್ಮ ಗೊಂಬೀನ.”

ಅದನ್ನೇ ಬರೆದಿದ್ದೇನೆ. ಭಾಯಿ, ಅಣ್ಣ ನಿಮ್ಮನ್ನು ಕರೆಯಲಿಲ್ಲ. ಅವನು ಮೇಲೆ ಬಂದೇ ಇರಲಿಲ್ಲ. ಮೊದಲ ಸಪ್ಪಳ ನಿಮಗೆ ಕೇಳಿಸಿದಾಗಲೇ ಕೆಳಗೆ ಎಲ್ಲ ಮುಗಿದಿತ್ತು. ಇದು ನಿಮಗೆ ಒಳ್ಳೆಯ ಸುದ್ದಿ, ನಮಗೆ ಕೆಟ್ಟ ಸುದ್ದಿ. ಎರಡೂ ಒಂದೇ ಸುದ್ದಿ. ಅದನ್ನು ಹೇಗೆ ಹಿಡಿದುಕೊಳ್ಳಬೇಕೆಂದು ನನಗೆ ತಿಳಿಯುತ್ತಿಲ್ಲ.

ಮನೆಗೆ ಬಂದ ಮೇಲೆ ಅಪ್ಪ ಅವ್ವನ ಹತ್ತಿರ ಏನು ಹೇಳಿದನೋ ಕೇಳಿಸಲಿಲ್ಲ, ಒಳಗೆ ಹೇಳಿದ. ಅವ್ವ ಹೊರಗೆ ಬಂದು, ಕಟ್ಟೆಯ ಮೇಲೆ ಕುಳಿತಿದ್ದ ಓಣಿಯ ಹೆಂಗಸರಿಗೆ, “ಈಗ ಬರ್ರಿ. ಸುದ್ದಿ ಬಂತು,” ಎಂದಳು.

ಮಣ್ಣು ಕೊಡಲು ದೇಹವಿಲ್ಲ. ಏನು ಮಾಡಬೇಕೆಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನಾವು ಇನ್ನೂ ಏನೂ ಮಾಡಿಲ್ಲ.

ಪ್ರಭು

*

ಅಣ್ಣಿಗೇರಿ
21 ನವೆಂಬರ್ 2024

ತಮ್ಮಾ,

ಪತ್ರ ಓದಿದೆ. ಬಹಳ ದಿನದ ಮೇಲೆ ಆ ರಾತ್ರಿ ನಿದ್ದೆ ಬಂತು. ಬೆಳಗ್ಗೆ ಎದ್ದು, ನಿದ್ದೆ ಬಂದಿದ್ದಕ್ಕೆ ನಾಚಿಕೆಯಾಯಿತು. ಅವನು ಎಲ್ಲೋ ಕೂಡಿಟ್ಟ ಕೋಣೆಯಲ್ಲಾದರೂ ಇರಲಿ ಎಂದು ಬೇಡುತ್ತಿದ್ದೆ. ಈಗ ಏನು ಬೇಡಬೇಕೋ ತಿಳಿಯದೆ ನಮಾಜಿಗೆ ಸುಮ್ಮನೆ ಕೂತು ಏಳುತ್ತೇನೆ.

ಅಮ್ಮಿ ಮೊರಬಕ್ಕೆ ಹೋಗು ಎನ್ನುತ್ತಾಳೆ. ಅವಳ ತುಟಿ ನೋಡಿ ಇಷ್ಟು ಓದಲು ಕಲಿತಿದ್ದೇನೆ. ನಿಮ್ಮ ತಾಯಿ ನನ್ನನ್ನು ನೋಡುತ್ತಾರೋ? ಅವರ ಮಗ ಬರುವ ಜಾಗದಲ್ಲಿ ನಾನು ಬಂದರೆ?

ಜಹೀರುದ್ದೀನ

*

ಮೊರಬ
3 ಜನವರಿ 2025

ಜಹೀರಭಾಯಿ,

ನಿಮ್ಮ ಪ್ರಶ್ನೆಯನ್ನು ಅವ್ವನಿಗೆ ಓದಿ ಹೇಳಿದೆ. ಬಹಳ ದಿನ ಉತ್ತರ ಕೊಡಲಿಲ್ಲ. ಮೊನ್ನೆ ರೊಟ್ಟಿ ಬಡಿಯುತ್ತ, “ನೋಡ್ತೀನೋ ಇಲ್ಲೋ ಬಂದಾಗ ಗೊತ್ತಾಗ್ತೈತಿ. ಝುಣಕ ಮಾತ್ರ ಮಾಡಿರ್ತೀನಿ ಅಂತ ಬರಿ,” ಎಂದಳು. ಅದು ಬಾ ಎಂದೋ ಬೇಡವೆಂದೋ ಎಂದು ಅಪ್ಪನನ್ನು ಕೇಳಿದೆ. “ನಿನಗ್ಯಾಕ ಅದು? ಹೇಳಿದ್ದನ್ನ ಬರಿ,” ಎಂದ. ಬರೆದಿದ್ದೇನೆ.

ಜೋಳ ಹಾಲುಗಾಳಾಗಿದೆ. ಇನ್ನು ಎಂಟು ಹತ್ತು ದಿನದಲ್ಲಿ ಹಸಿ ತೆನೆ ಮುರಿದು ಸೀತನಿ ಸುಡಬಹುದು. ಆಗಲೇ ಬನ್ನಿ.

ಈ ಸಲ ಗೊಂಬೆ ನಾನೇ ಮಾಡಿದೆ. ಅಪ್ಪ ಕೈ ಹಚ್ಚಲಿಲ್ಲ. ಒಡ್ಡಿನ ಮೇಲೆ ಬೆನ್ನು ತಿರುಗಿಸಿ ಕುಳಿತ. ಅಣ್ಣನ ಹಳೆಯ ಅಂಗಿ ತೊಡಿಸಲೇ ಎಂದು ಕೇಳಿದೆ. ಬೇಡ ಎಂದ. ನನ್ನದೇ ತೊಡಿಸಿದೆ. ಎಡಗೈ ಮಡಚಿ ಕಟ್ಟಿದೆ. ಗಂಟು ಹೇಗೆ ಎಂದು ಕೇಳಿದರೆ, “ಕೈಗೆ ತಾನ ತಿಳೀಬೇಕು,” ಎಂದ.

ನನ್ನ ಕೈಗೆ ಇನ್ನೂ ತಿಳಿದಿಲ್ಲ. ಹಗಲು ಎತ್ತಿ ನಿಲ್ಲುವ ಕೈ ರಾತ್ರಿಯ ಗಾಳಿಗೆ ಸಡಿಲಾಗಿ ಬೆಳಗಾಗುವಷ್ಟರಲ್ಲಿ ಇಳಿದಿರುತ್ತದೆ. ಹಕ್ಕಿಗಳು ಅದರ ಹೆಗಲ ಮೇಲೇ ಕುಳಿತಿರುತ್ತವೆ. ದಿನಾ ಹೋಗಿ ಮತ್ತೆ ಎತ್ತಿ ಕಟ್ಟಿ ಬರುತ್ತೇನೆ.

ಮೊರಬದ ಕ್ರಾಸಿನಲ್ಲಿ ಬಸ್ಸು ಇಳಿದು ಎಡಕ್ಕೆ ನಡೆದು ಬನ್ನಿ. ಯಾರನ್ನೂ ಕೇಳಬೇಕಾಗಿಲ್ಲ. ಕಲ್ಲು ಬೀಸಲು ನಿಂತ ಗೊಂಬೆ ಕಂಡರೆ ಅದೇ ನಮ್ಮ ಹೊಲ. ಕೈ ಇಳಿದಿದ್ದರೆ ಹೊಲ ಬೇರೆ ಎಂದು ಮುಂದೆ ಹೋಗಬೇಡಿ. ನಾನಿನ್ನೂ ಬಂದಿಲ್ಲ ಎಂದು ತಿಳಿದು ಅಲ್ಲೇ ಒಡ್ಡಿನ ಮೇಲೆ ಕುಳಿತಿರಿ. ಬರುತ್ತೇನೆ.

ನಿಮ್ಮ ತಮ್ಮ
ಪ್ರಭು